ಮಾಮ ಬಂದ, ಓಡ್ರೋ!

ಭಾಷಾಂತರ ಬಹಳ ಸುಲಭದ ಕೆಲಸ. ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನದವರೆಗೂ ನಾನು ಇದನ್ನು ನಂಬಿದ್ದೆ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸಿ, ಆಮೇಲೆ ಹೆಂಡತಿಯ ಕೆಲಸದ ಬೆನ್ನು ಹಿಡಿದು ಅಮೆರಿಕದ ಡೆಟ್ರಾಯಿಟ್ ಬಳಿಯ ರಾಚೆಸ್ಟರ್ ಹಿಲ್ಸ್‌ಗೆ ಬಂದು ಕುಳಿತವನು ನಾನು. ಚುನಾವಣೆ, ಚಂಡಮಾರುತ, ಬಜೆಟ್, ಯಾವುದೂ ನನ್ನ ಕೈಯಲ್ಲಿ ತಪ್ಪಾಗಿ ಅಚ್ಚಾಗಿಲ್ಲ. ಎರಡು ಸಲ ಆಗಿದೆ.

ಪ್ರಕರಣದ ಹಿನ್ನೆಲೆ ಹೀಗಿದೆ. ನನ್ನ ಹೆಂಡತಿ ಗಿರಿಜಾಳನ್ನು ಸಾಕಿ ಓದಿಸಿದ ಸೋದರಮಾವ ವಿಜಯಪುರದಿಂದ ನಮ್ಮ ಮನೆಗೆ ಬಂದರು. ಆಕೆಗೆ ಅವರು ಮಾಮಾ. ಆದ್ದರಿಂದ ನನಗೂ ಮಾಮಾ. ನಲವತ್ತು ವರ್ಷ ರಸ್ತೆ ಕಾಮಗಾರಿಯ ಎಂಜಿನಿಯರ್ ಆಗಿದ್ದು, ಗುತ್ತಿಗೆದಾರರ ಮನೆಯಲ್ಲಿ ಒಂದು ಕಪ್ ಚಹಾ ಸಹ ಕುಡಿಯದೆ ನಿವೃತ್ತರಾದವರು. ದೀಪಾವಳಿಯವರೆಗೆ ಇರುವುದೆಂದು ಮಾತಾಗಿತ್ತು. ಮೂರನೇ ವಾರಕ್ಕೇ ಅವರಿಗೆ ಬೇಸರ ಬಂತು.

"ಗಿರಿಜಾ, ನಾ ಶಿಕಾಗೋ ಹತ್ರ ಸ್ಕೋಕಿಗೆ ಮಗನ ಮನಿಗೆ ಹೋಗ್ತೀನವಾ. ಅಲ್ಲಿ ನಡಕೊಂಡ ಹೋಗೂವಂಥಾ ಅಂಗಡಿ ಅದಾವಂತ. ಇಲ್ಲಿ ಹಾಲು ತರಬೇಕಂದ್ರೂ ಹೈವೇ ಏರಬೇಕು."

ಗಿರಿಜಾ ಅಡುಗೆಮನೆಗೆ ಬಂದು ಕಣ್ಣೊರೆಸಿಕೊಂಡಳು. "ರೀ, ಇಷ್ಟು ವರ್ಷದಾಗ ಮೊದಲ್ನೇ ಸಲ ಬಂದಾರ. ದೀಪಾವಳಿ ತನಕ ಹೆಂಗಾರ ಮಾಡಿ ಉಳಿಸ್ಕೋಬೇಕು. ಏನಾದ್ರೂ ಮಾಡ್ರಿ."

ಬೇಸರಕ್ಕೆ ಕಾರಣ ನಾವೇ. ದಿನಾ ಸಂಜೆ ನಾವು ಬ್ರಿಟಿಷ್ ಅಪರಾಧ ಧಾರಾವಾಹಿ ನೋಡುತ್ತೇವೆ. ಇಪ್ಪತ್ತು ಮನೆಯ ಹಳ್ಳಿ, ಸೀಸನ್ನಿಗೆ ಆರು ಕೊಲೆ. ಆದರೂ ಉಳಿದವರು ಮನೆ ಮಾರಿ ಓಡಿಹೋಗುವುದಿಲ್ಲ! ತನಿಖಾಧಿಕಾರಿಗೆ ವಿಚ್ಛೇದನ ಆಗಿರಲೇಬೇಕು. ಆತ ಮಂಕು ದೀಪದಲ್ಲಿ ಹಳೆಯ ಗ್ರಾಮಫೋನ್ ತಟ್ಟೆ ಹಾಕಿಕೊಂಡು ಕೂರಬೇಕು. ಅದು ಮುಗಿದರೆ ಸಾಕ್ಷ್ಯಚಿತ್ರ. ಡೆಟ್ರಾಯಿಟ್ ಸಂಗೀತದ ಚರಿತ್ರೆಯನ್ನು ಲಂಡನ್ನಿನವನೊಬ್ಬ ಪಾಳು ಕಟ್ಟಡಗಳ ಒಡೆದ ಕಿಟಕಿಗಳ ಮುಂದೆ ನಿಂತು ಗದ್ಗದ ಕಂಠದಲ್ಲಿ ಹೇಳುತ್ತಾನೆ. ಆ ಕಿಟಕಿಗಳು ನಮ್ಮ ಮನೆಯಿಂದ ಮೂವತ್ತು ಮೈಲಿ. ಹನ್ನೆರಡು ವರ್ಷದಲ್ಲಿ ನಾವು ಒಮ್ಮೆಯೂ ಅತ್ತ ಕಾರು ತಿರುಗಿಸಿಲ್ಲ. ಸೋಫಾದ ಮೇಲೆ ಕುಳಿತು "ಛೆ, ಎಂಥಾ ಊರು!" ಎಂದು ನಾವೂ ಗದ್ಗದರಾಗುತ್ತೇವೆ. ಮಾಮಾ ಮಾತ್ರ ಹತ್ತನೇ ನಿಮಿಷಕ್ಕೆ ಗೊರಕೆ.

ಇಂಗ್ಲಿಷ್ ಬಾರದ್ದಕ್ಕೇ ಈ ಗೊರಕೆ ಎಂದುಕೊಂಡೆ. ಪರಿಹಾರ ನನಗೆ ಹೊಳೆಯಿತು. ಧಾರಾವಾಹಿಗೆ ನಾನೇ ಕನ್ನಡದಲ್ಲಿ ಅಡಿಬರಹ, ಅಂದರೆ ಸಬ್‌ಟೈಟಲ್, ಬರೆಯುವುದು!

ಹನ್ನೊಂದು ದಿನ ಕುಳಿತೆ. ಕಂಪ್ಯೂಟರ್ ಕೆಲಸವನ್ನು ಹೈಸ್ಕೂಲಿನಲ್ಲಿರುವ ಮಗಳು ನಿಧಿ ನೋಡಿಕೊಂಡಳು. ಕಥೆಯ ತುಂಬ ಪೊಲೀಸರು. ಆದರೆ ಅಲ್ಲಿನ ಪುಂಡರು ಪೊಲೀಸರನ್ನು ಪೊಲೀಸ್ ಎನ್ನುವುದಿಲ್ಲ, 'ಕಾಪರ್' ಎನ್ನುತ್ತಾರೆ. ತಾಮ್ರ ಎಂದು ಬರೆಯಲು ನಾನೇನು ದಡ್ಡನೇ? ಬೀದಿ ಮಾತಿಗೆ ಬೀದಿ ಮಾತೇ ಬೇಕು. ಬೆಂಗಳೂರಿನ ಹುಡುಗರು ಪೊಲೀಸಿಗೆ ಏನೆನ್ನುತ್ತಾರೆ? ಮಾಮ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಕಡತದಲ್ಲಿ ಪೊಲೀಸ್ ಇದ್ದ ಕಡೆಯೆಲ್ಲ ಒಂದೇ ಕ್ಲಿಕ್ಕಿಗೆ ಮಾಮ ಎಂದು ಮಾಡಿದೆ.

"ಅಪ್ಪ, ಶುಡ್ ವಿ ಟೆಸ್ಟ್ ಇಟ್ ಫಸ್ಟ್?" ಎಂದಳು ನಿಧಿ.

"ಬೇಡ. ಪುಟ ಅಚ್ಚಿಗೆ ಹೋಗಿದೆ" ಎಂದೆ.

ನೆಲಮಾಳಿಗೆಯ ದೊಡ್ಡ ಟಿವಿಯ ಮುಂದೆ ಪ್ರಥಮ ಪ್ರದರ್ಶನ. ಪಕ್ಕದ ಬಡಾವಣೆಯಲ್ಲಿ ಮಗಳ ಮನೆಗೆ ಬಂದಿದ್ದ ಗದಗಿನ ನೀಲಮ್ಮ ಆಂಟಿಯನ್ನೂ ಇನ್ನು ನಾಲ್ವರು ಹಿರಿಯರನ್ನೂ ಮಾಮಾ ತಾವಾಗಿಯೇ ಫೋನ್ ಮಾಡಿ ಕರೆದಿದ್ದರು. "ನಮ್ಮ ಅಳಿಯಂದ್ರು ಬರದಾರ" ಎಂದು ಎಲ್ಲರಿಗೂ ಹೇಳಿದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಗಿರಿಜಾ ನನ್ನತ್ತ ನೋಡಿ ನಕ್ಕಳು. ದೀಪಾವಳಿ ನಮ್ಮ ಮನೆಯಲ್ಲೇ ಎಂದು ನಾನು ನಿರ್ಧರಿಸಿಬಿಟ್ಟೆ.

ಮೊದಲ ಸಾಲು ಬಂತು: 'ಹೆಣ ಬೂಟಿನೊಳಗೆ ಸಿಕ್ಕಿದೆ.'

"ಎಷ್ಟನೇ ನಂಬರಿನ ಬೂಟ್ರೀ ಅದು?" ಎಂದರು ನೀಲಮ್ಮ ಆಂಟಿ.

ಬ್ರಿಟಿಷರು ಕಾರಿನ ಡಿಕ್ಕಿಗೆ ಬೂಟ್ ಎನ್ನುತ್ತಾರೆಂಬುದು ನನಗೆ ಆಗ ನೆನಪಾಯಿತು. ಮುಂದಿನ ಸಾಲು: 'ಅವನೊಬ್ಬ ಹುಲ್ಲು.' ಪೊಲೀಸರಿಗೆ ಸುಳಿವು ಕೊಡುವವನನ್ನು ಅವರು 'ಗ್ರಾಸ್' ಎಂದು ಕರೆಯುತ್ತಾರಂತೆ. ಇದು ನಿಘಂಟಿನಲ್ಲಿದೆ. ನಾನು ನಿಘಂಟು ನೋಡಿರಲಿಲ್ಲ.

ಆಮೇಲೆ ಓಣಿಯಲ್ಲಿ ನಾಲ್ವರು ಪುಂಡರು ಚೆದುರಿದರು. ತೆರೆಯ ಮೇಲೆ ದಪ್ಪ ಅಕ್ಷರ: 'ಮಾಮ ಬಂದ, ಓಡ್ರೋ!'

ಎಲ್ಲರೂ ಮಾಮಾ ಕಡೆ ತಿರುಗಿ ನಕ್ಕರು. ಮಾಮಾ ಸಹ ನಕ್ಕರು. ಆ ನಗೆ ಅರ್ಧ ನಿಮಿಷ ಬಾಳಿತು.

'ಈ ಮಾಮ ಲಂಚಕೋರ. ಊರಿಗೆಲ್ಲ ಗೊತ್ತು.'

'ನಿಮ್ಮ ಮಾಮನನ್ನು ಕೆಲಸದಿಂದ ಕಿತ್ತುಹಾಕಿದ್ದು ಯಾಕೆ, ಹೇಳಲಾ?'

ನೀಲಮ್ಮ ಆಂಟಿ ನಿಜವಾದ ಕಾಳಜಿಯಿಂದ ಕೇಳಿದರು: "ಅಣ್ಣಾರ, ರಿಟೈರ್ ಆಗೀನಿ ಅಂದಿದ್ರಲ್ಲ?"

ನಾನು ಹಾರಿ ರಿಮೋಟ್ ಹಿಡಿದು ನಿಲ್ಲಿಸಿದೆ. ನಿಲ್ಲಿಸಬಾರದಿತ್ತು. ಎಪ್ಪತ್ತೈದು ಇಂಚಿನ ತೆರೆಯ ಮೇಲೆ 'ಲಂಚಕೋರ ಮಾಮನಿಗೆ ಧಿಕ್ಕಾರ' ಎಂಬ ಸಾಲು ಅಲುಗಾಡದೆ ನಿಂತಿತು. ಅದರ ಕೆಳಗೆ ನಿಂತು ನಾನು ವಿವರಣೆ ಕೊಟ್ಟೆ.

"ಮಾಮಾ, ಮಾಮ ಅಂದ್ರೆ ಪೊಲೀಸ್. ಬೆಂಗಳೂರಲ್ಲಿ ಹಾಗೇ ಕರೀತಾರೆ."

"ಹೆಂಡ್ತಿ ಸೋದರಮಾವಗ ಬೆಂಗಳೂರಾಗ ಏನಂತಾರ್ರಿ ಮತ್ತ?"

"ಅವರಿಗೂ... ಮಾಮ ಅಂತಲೇ. ಆದ್ರೆ ನೋಡಿ, ಪೊಲೀಸಿಗೆ ಕೊನೇಲಿ ಹ್ರಸ್ವ. ನಿಮಗೆ ದೀರ್ಘ!"

ವ್ಯಾಕರಣದಿಂದ ಇದುವರೆಗೆ ಯಾರ ಸಿಟ್ಟೂ ಇಳಿದಿಲ್ಲ. ಮಾಮಾ ಎದ್ದರು. "ನಲವತ್ತು ವರ್ಷ ಯಾವ ಮಗಾನೂ ನನಗ ಈ ಮಾತು ಅಂದಿಲ್ಲ, ಅಳಿಯಂದ್ರ. ಗಿರಿಜಾ, ನಾಳಿಗೆ ಸ್ಕೋಕಿ."

ಅತಿಥಿಗಳು ಮಂಡಕ್ಕಿ ಒಗ್ಗರಣೆಯನ್ನು ತಟ್ಟೆಯಲ್ಲೇ ಬಿಟ್ಟು ಹೋದರು. ಗಿರಿಜಾ ಸೂಟ್‌ಕೇಸ್ ಕೆಳಗಿಳಿಸುತ್ತ ತಣ್ಣಗೆ ಹೇಳಿದಳು: "ಐದು ತಾಸಿನ ದಾರಿ. ನೀವೇ ಡ್ರೈವ್ ಮಾಡ್ರಿ. ಅವ್ರನ್ನ ಪಕ್ಕದಾಗ ಕುಂದ್ರಿಸ್ಕೊಂಡು."

ವೃತ್ತಿಧರ್ಮಕ್ಕೆ ಅನುಸಾರವಾಗಿ, ಬಂದಿದ್ದ ಐವರಿಗೂ ಆಗಲೇ ವಾಟ್ಸಾಪಿನಲ್ಲಿ ತಿದ್ದುಪಡಿ ಕಳಿಸಿದೆ: 'ಇಂದಿನ ಪ್ರದರ್ಶನದಲ್ಲಿ ಮಾಮ ಎಂದು ಇರುವಲ್ಲೆಲ್ಲ ಪೊಲೀಸ್ ಎಂದು ಓದಿಕೊಳ್ಳಬೇಕಾಗಿ ವಿನಂತಿ. ಪ್ರಮಾದಕ್ಕೆ ವಿಷಾದಿಸುತ್ತೇವೆ.'

ಎರಡೇ ನಿಮಿಷದಲ್ಲಿ ನೀಲಮ್ಮ ಆಂಟಿಯ ಧ್ವನಿಸಂದೇಶ ನೇರ ಮಾಮಾ ಫೋನಿಗೆ ಬಂತು. ಸ್ಪೀಕರ್ ಆನ್ ಇತ್ತು. "ಅಣ್ಣಾರ, ಈಗ ತಿಳೀತು ನೋಡ್ರಿ. ನೀವು ಪೊಲೀಸ್‌ನ್ಯಾಗ ಇದ್ರಂತ. ಅಲ್ಲಿ ಎಲ್ಲಾರೂ ತಿಂತಾರ್ರಿ, ಮನಸಿಗೆ ಹಚ್ಕೋಬ್ಯಾಡ್ರಿ!"

ಗಿರಿಜಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಾಮಾ ಫೋನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಸೂಟ್‌ಕೇಸಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಇಂಥವನ್ನ ಗಂಟು ಹಾಕೊಂಡಿ, ನಿನ್ನ ಬಿಟ್ಟು ಹೆಂಗ ಹೋಗ್ಲೆವಾ ನಾ" ಎಂದು ಗಿರಿಜಾಗೆ ಹೇಳಿದರು. "ದೀಪಾವಳಿ ಮುಗಿಸೇ ಹೋಗ್ತೀನಿ. ಅದಿರ್ಲಿ, ಆ ಕೊಲಿ ಮುಂದ ಏನಾತು? ಇಂಗ್ಲಿಷ್ ಅಕ್ಷರ ಹಾಕಿ ತೋರಸ್ರಿ."

"ಮಾಮಾ, ನೀವು ಇಂಗ್ಲಿಷ್ ಓದ್ತೀರಾ?" ಎಂದೆ.

"ನಲವತ್ತು ವರ್ಷ ರಸ್ತೆ ಟೆಂಡರ್ ಏನ್ ಹಳೇ ಮರಾಠಿ ಮೋಡಿ ಲಿಪಿಯೊಳಗ ಓದೀನೇನ್ರಿ? ಅವ್ರ ಮಾತು ಕಿವಿಗೆ ಸಿಗಾಂಗಿಲ್ಲ, ಅಷ್ಟ. ಅಕ್ಷರ ಇದ್ರ ಸಾಕಿತ್ತು."

ನಿಧಿ ಒಂದು ಬಟನ್ ಒತ್ತಿದಳು. ನನ್ನ ಹನ್ನೊಂದು ದಿನದ ಶ್ರಮ ಮಾಯವಾಗಿ, ಧಾರಾವಾಹಿಯವರದೇ ಇಂಗ್ಲಿಷ್ ಅಡಿಬರಹ ಮೂಡಿತು. ಅದು ಮೊದಲಿಂದಲೂ ಅಲ್ಲೇ ಇತ್ತಂತೆ. ಮಾಮಾ ಮೂರನೇ ಕಂತಿನಲ್ಲೇ ಕೊಲೆಗಾರ್ತಿಯನ್ನು ಹಿಡಿದರು. ನಾನು ಕೊನೆಯ ಕಂತಿನವರೆಗೂ ಪಾದ್ರಿಯನ್ನು ಶಂಕಿಸಿದೆ.

ಈಗ ಸ್ಕೋಕಿಯ ಮಾತಿಲ್ಲ. ದಿನಾ ಸಂಜೆ ನಾಲ್ವರೂ ಕೂತು ನೋಡುತ್ತೇವೆ. ನಡುವೆ ನಾನು ಏನಾದರೂ ಹೇಳಲು ಬಾಯಿ ತೆರೆದರೆ, ಮಾಮಾ ಗಿರಿಜಾಳ ಕಡೆ ಬಗ್ಗಿ ಕೇಳುತ್ತಾರೆ:

"ಏನಂದ್ರವಾ ನಿನ್ನ ಗಂಡ? ಕೆಳಗ ಅಕ್ಷರ ಬರಲಿಲ್ಲಲ್ಲ!"