ಚೌಡಯ್ಯನ ಮನೆಗೆ ಬೆಂಕಿ ಬೀಳಲಿಲ್ಲ

ಕುಂತಿ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಬಡಗಿ ಚೌಡಯ್ಯನಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ. (ಇದು ಚೌಡಯ್ಯನದೇ ಅಭಿಪ್ರಾಯ.) ಸುಲ್ತಾನರ ಕಾಲವದು. ಶ್ರೀರಂಗಪಟ್ಟಣದ ಕೋಟೆಯಲ್ಲಿ ಆರು ತಿಂಗಳು ತೋಪಿನ ಗಾಡಿಗಳಿಗೆ ಚಕ್ರ ಕೂಡಿಸಿ ಬಂದ ಮೇಲಂತೂ ಹುಲ್ಲು ಕೊಯ್ಯುವಂಥ ಕೆಲಸ ಅವನ ಘನತೆಗೆ ಒಗ್ಗುತ್ತಿರಲಿಲ್ಲ.

ಆದರೆ ಆ ಊರಿಗೆ ಹುಲ್ಲೇ ಯಮ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿದ್ದ ಕಿಚ್ಚು ಒಣಹುಲ್ಲು ಹಿಡಿದು ಊರಿಗಿಳಿಯುತ್ತಿತ್ತು. ಹೋದ ವರ್ಷ ಮೂರು ಮನೆ ಬೂದಿಯಾಗಿದ್ದವು. ಚೌಡಯ್ಯನದೋ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತ ಕಟ್ಟಕಡೆಯ ಮನೆ. ಹಿತ್ತಲಲ್ಲಿ ಸೊಂಟದುದ್ದ ಹುಲ್ಲು, ತಲೆಯ ಮೇಲೆ ಹುಲ್ಲಿನ ಮಾಡು.

“ಕುಡ್ಲು ಮಸೆದು ಇಟ್ಟಿವ್ನಿ. ಇವತ್ತಾದ್ರೂ ಇತ್ಲು ಸವರಿ,” ಎಂದಳು ಹೆಂಡತಿ ಕುಳ್ಳಮ್ಮ. ಆ ವಾರದಲ್ಲಿ ಇದು ಒಂಬತ್ತನೆಯ ಸಲ.

“ಸುಮ್ಕಿರಮ್ಮಿ. ತೋಪಿನ ಗಾಡಿ ಮಾಡ್ದ ಕೈಲಿ ಕುಡ್ಲು ಇಡೀಲಾ? ಉಪಾಯ ಮಾಡಿವ್ನಿ.”

ಉಪಾಯ ಮರುದಿನ ಅರವತ್ತು ಆಡುಗಳ ರೂಪದಲ್ಲಿ ಬಂತು. ನಾಗಮಂಗಲದ ಕಡೆಯ ಆಡು ಕಾಯುವ ಸೋಮಯ್ಯ ಮೇವು ಹುಡುಕುತ್ತ ಆ ದಾರಿಯಲ್ಲಿ ಹೊರಟಿದ್ದ. ಚೌಡಯ್ಯ ಅವನನ್ನು ಕರೆತಂದು ಮಂದೆಯನ್ನು ಹಿತ್ತಲಿಗೆ ಬಿಡಿಸಿದ. ಎರಡೇ ದಿನಕ್ಕೆ ಹಿತ್ತಲು ನುಣ್ಣಗೆ ಬೋಳಿಸಿದ ತಲೆಯಂತಾಯಿತು.

ಮೂರನೆಯ ಮಧ್ಯಾಹ್ನ ಚೌಡಯ್ಯ ಜಗಲಿಯಲ್ಲಿ ಮಲಗಿದ, ಸೋಮಯ್ಯ ಮರದಡಿ ಮಲಗಿದ. ಆಡುಗಳು ಮಲಗಲಿಲ್ಲ. ಮನೆಯ ಹಿಂದಿನ ಸೂರು ಹಿತ್ತಲ ದಿಣ್ಣೆಗೆ ತಾಗುವಷ್ಟು ತಗ್ಗು. ಒಂದು ಹತ್ತಿತು, ಉಳಿದವು ಹಿಂಬಾಲಿಸಿದವು. ಒಳಗೆ ರಾಗಿ ಬೀಸುತ್ತಿದ್ದ ಕುಳ್ಳಮ್ಮ ತಲೆಯೆತ್ತಿದರೆ, ಮಾಡಿನ ತೂತಿನಿಂದ ಗಡ್ಡದ ಮುಖವೊಂದು ಅವಳನ್ನೇ ನೋಡುತ್ತ ಮೆಲ್ಲುತ್ತಿತ್ತು.

“ಅಯ್ಯಯ್ಯೋ, ಮನೇನೇ ತಿಂದ್ಬುಟ್ವಲ್ಲಪ್ಪೋ!”

ಆಡುಗಳನ್ನು ಅಟ್ಟಿ ಇಳಿಸುವಷ್ಟರಲ್ಲಿ ಮಾಡಿನ ಬಿದಿರುಗಳುಗಳಷ್ಟೇ ಉಳಿದಿದ್ದವು. ಸೋಮಯ್ಯ ಮಂದೆಸಮೇತ ಮಾಯವಾದ. ಕುಳ್ಳಮ್ಮ ಬೈದಳು, ಅತ್ತಳು, ದಣಿದು ಮತ್ತೆ ಬೈದಳು. ಕಟ್ಟಕಡೆಯ ಮನೆಯಾದ್ದರಿಂದ ಸಂಗತಿ ಊರಿಗೆ ಮುಟ್ಟಲಿಲ್ಲ.

ಎರಡು ದಿನ ಕಳೆದು ಹಾಡಹಗಲೇ ಬೆಟ್ಟದಿಂದ ಕಿಚ್ಚು ಇಳಿಯಿತು. ಊರಿನವರು ಕೊಡ, ಹಸಿಸೊಪ್ಪು ಹಿಡಿದು ಓಡಿಬಂದರು. ಬೋಳು ಹಿತ್ತಲಿಗೆ ಬಂದ ಬೆಂಕಿ ತಿನ್ನಲು ಏನೂ ಸಿಗದೆ ಅಲ್ಲೇ ಸತ್ತಿತು. ಆದರೆ ಗಾಳಿಗೆ ಹಾರಿದ ಕಿಡಿಗಳು ಕೇರಿಯ ನಾಲ್ಕು ಮಾಡುಗಳನ್ನು ಹಿಡಿದವು; ಜನ ಕೈಕಾಲು ಸುಟ್ಟುಕೊಂಡು ಆರಿಸಿದರು. ಚೌಡಯ್ಯನ ಮನೆಯಲ್ಲಿ ಮಾತ್ರ ಕಿಡಿ ನೇರ ಸಗಣಿ ಸಾರಿಸಿದ ನೆಲಕ್ಕೆ ಬಿತ್ತು. ಕುಳ್ಳಮ್ಮ ಒಂದು ಚೆಂಬು ನೀರು ಚೆಲ್ಲಿದಳು, ಅಷ್ಟೆ.

“ಊರಿಗೆಲ್ಲ ಕಿಡಿ ಬಿದ್ರೂ ನಿನ್ ಮನೆ ಎಂಗ್ಲಾ ಉಳೀತು?” ಎಂದು ಪಟೇಲ ಕೇಳಿದ.

ನಿಜ ಹೇಳಲೆಂದೇ ಚೌಡಯ್ಯ ಬಾಯಿ ತೆರೆದ. ಬೆರಗಾಗಿ ನಿಂತಿದ್ದ ಜನರನ್ನು ಕಂಡ ಮೇಲೆ ಬಾಯಿ ಬೇರೆ ದಾರಿ ಹಿಡಿಯಿತು.

“ಪಟ್ಣದಲ್ಲಿ ಕಲ್ತ ಇದ್ಯೆ ಪಟೇಲ್ರೇ. ಬೇಸ್ಗೇಲಿ ಮಾಡು ತಗ್ದಾಕ್ಬುಡದು. ಕಿಡಿ ಬಿದ್ರೂ ಉರಿಯಾಕೆ ಏನದೆ?”

ಕುಳ್ಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮರುದಿನವೇ ಪಟೇಲ ತಮಟೆ ಬಾರಿಸಿ ಸಾರಿಸಿದ: ಮುಂಗಾರು ಹಿಡಿಯುವ ತನಕ ಊರಿನ ಹುಲ್ಲುಮಾಡುಗಳೆಲ್ಲ ಇಳಿಯತಕ್ಕದ್ದು, ಯಾರೂ ಹೊದಿಸಕೂಡದು, ಮಹಾಬುದ್ಧಿವಂತ ಚೌಡಯ್ಯನೂ ಸಹ! (ಪಟೇಲನದು ಹೆಂಚಿನ ಮನೆ.) ಜನ ಗೊಣಗುತ್ತಲೇ ಮಾಡು ಕಿತ್ತರು. ಗುಟ್ಟಾಗಿ ಹೊಸ ಹುಲ್ಲು ಹೊದಿಸಬೇಕೆಂದಿದ್ದ ಚೌಡಯ್ಯ ನೆತ್ತಿಗೆ ಒದ್ದೆಬಟ್ಟೆ ಹಾಕಿಕೊಂಡು ಕೂತ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಅದು ನಾಲ್ಕನೆಯ ಸಂಜೆಯೇ ಬಂತು, ಧರಣಿಗಿಂತ ಮೊದಲು ಮನೆಗಳೊಳಕ್ಕೆ. ರಾಗಿ ನೆನೆಯಿತು, ಒಲೆ ಕರಗಿತು, ತೊಟ್ಟಿಲ ಕೂಸು ತೊಯ್ದು ಅರಚಿತು. ಊರಿಗೆ ಊರೇ ಒನಕೆ ಹಿಡಿದು ಬಡಗಿಯ ಮನೆಯತ್ತ ಹೊರಟಿತು.

ಚೌಡಯ್ಯ ಒಲೆಯ ಮೂಲೆಯಲ್ಲಿ ಮುದುಡಿ ಕೂತ. “ಅಮ್ಮಿ, ನಾನು ಮನೇಲಿಲ್ಲ ಅಂತ ಯೇಳು.”

ಕುಳ್ಳಮ್ಮ ತಲೆಯೆತ್ತಿ ನೋಡಿದಳು. ಗೋಡೆಯ ಮೇಲೆ ಸುತ್ತಲೂ ಇಪ್ಪತ್ತು ಒದ್ದೆ ತಲೆಗಳು ಇಣುಕುತ್ತಿದ್ದವು.

“ನೀವೇ ಯೇಳಿ,” ಎಂದಳು. “ಎಲ್ರೂ ಕೇಳಿಸ್ಕತಾವ್ರೆ.”