ಮಹಾಸುರುಳಿಯಿಂದ ತಪ್ಪಿಸಿಕೊಳ್ಳುವ ಸುಲಭೋಪಾಯಗಳು

ತಿಂಡಿ ತಿನ್ನುವಾಗ ಬಾಯಿಂದ ಜಾರಿದ ಒಂದೇ ಒಂದು ಮಾತಿನಿಂದ ಗುಮಾಸ್ತರು ಸಿಕ್ಕಿಬಿದ್ದರು.

ಟೀವಿಯಲ್ಲಿ ಮೋಜಿನ ಪಾರ್ಕಿನ ಜಾಹೀರಾತು ಬರುತ್ತಿತ್ತು. ಏಳು ಮಹಡಿ ಎತ್ತರದಿಂದ ತಲೆಕೆಳಗಾಗಿ ಬೀಳುವ 'ಮಹಾಸುರುಳಿ' ರೋಲರ್ ಕೋಸ್ಟರ್, ಅದರೊಳಗೆ ಕಿರುಚುವ ಜನ. ಹತ್ತು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತಿ, "ಅಪ್ಪಾ, ನಿಂಗೆ ಅದರಲ್ಲಿ ಕೂರೋಕೆ ಭಯ ಆಗಲ್ವಾ?" ಅಂದಳು.

"ಭಯಾನಾ? ನಂಗಾ? ರಜೆ ಬರಲಿ, ನಿನ್ನ ಪಕ್ಕದಲ್ಲೇ ಕೂತು ಹೋಗ್ತೀನಿ ನೋಡು!"

ಅಷ್ಟೇ. ಮಗಳು ಶಾಲೆಗೆಲ್ಲ ಸಾರಿಬಿಟ್ಟಳು.

ನಿಜ ಏನೆಂದರೆ ಗುಮಾಸ್ತರಿಗೆ ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದರೂ ತಲೆ ತಿರುಗುತ್ತಿತ್ತು. ಅವರು ಕೆಲಸ ಮಾಡುತ್ತಿದ್ದದ್ದು ವಿಮಾ ಕಚೇರಿಯ ಅಪಘಾತ ವಿಭಾಗದಲ್ಲಿ. ಹದಿನೆಂಟು ವರ್ಷದಿಂದ ಬರೀ ಬಿದ್ದವರ ಅರ್ಜಿ ಓದಿ ಓದಿ, ನಿಂತಿರುವುದೇ ಒಂದು ಸಾಹಸ ಎಂದು ನಂಬಿದ್ದರು. ಆದರೆ ಮಗಳ ಕಣ್ಣಲ್ಲಿ ಅವರು ಹುಲಿ. ಹುಲಿ ಇಲಿಯಾಗುವುದನ್ನು ಆ ಕಣ್ಣು ನೋಡಬಾರದು. ಹತ್ತಬಾರದು, ಹೆದರಿದೆ ಅಂತ ಹೇಳಲೂಬಾರದು. ಹೇಗೆ?

ದಾರಿ ತೋರಿಸಿದವರು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ. ಕಚೇರಿಯಲ್ಲಿ ಅವರಿಗೆ 'ಒಳಗುಟ್ಟು' ಅಂತಲೇ ಹೆಸರು. ಆ ಪಾರ್ಕಿಗೆ ಹನ್ನೊಂದು ಸಲ ಹೋಗಿಬಂದಿದ್ದ ಅವರು, ಕೇಳದಿದ್ದರೂ ಕುರ್ಚಿ ಎಳೆದುಕೊಂಡು ಕೂತರು.

"ಬರ್ಕೋ. ಗೇಟು ತೆಗೀತಿದ್ದ ಹಾಗೇ ಸೀದಾ ಮಹಾಸುರುಳಿಗೆ ಓಡು, ಕ್ಯೂ ಇರಲ್ಲ. ಹನ್ನೆರಡರಿಂದ ಎರಡರ ತನಕ ಆ ಕಡೆ ತಲೆ ಹಾಕ್ಬೇಡ, ಎರಡು ಗಂಟೆ ಕಾಯ್ಬೇಕು. ಮೂರಕ್ಕೆ ಮೆರವಣಿಗೆ. ಜನ ಎಲ್ಲ ಅಲ್ಲಿರ್ತಾರೆ, ಆಗ ಮತ್ತೆ ಖಾಲಿ. ಇದು ಗುಟ್ಟು, ಯಾರಿಗೂ ಹೇಳ್ಬೇಡ."

ಗುಮಾಸ್ತರು ಒಂದಕ್ಷರ ಬಿಡದೆ ಬರೆದುಕೊಂಡರು. ಬೇಗ ಹತ್ತುವ ಗುಟ್ಟು ಗೊತ್ತಾದ ಮೇಲೆ ತಿರುಗಿಸಿ ಹಿಡಿದರಾಯಿತಲ್ಲ? ಉಲ್ಟಾ ಮಾಡುತ್ತ ಹೋದರೆ ಕ್ಯೂನಲ್ಲೇ ಸಂಜೆಯಾಗುತ್ತದೆ!

ರಜೆಯ ದಿನ ಅವರು ಒಂದೇ ಅಂಗಿಯನ್ನು ಮೂರು ಸಲ ಇಸ್ತ್ರಿ ಮಾಡಿದರು. ಮನೆಗೆ ಬೀಗ ಹಾಕಿದ್ದೇವೋ ಇಲ್ಲವೋ ನೋಡಲು ಎರಡು ಸಲ ವಾಪಸ್ಸು ಬಂದರು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದದ್ದರಿಂದ ಜೊತೆಗೆ ಹೊರಟಿದ್ದವರು ಅತ್ತೆ. ಬಸ್ಸಿನಲ್ಲಿ ಕೂತವರೇ, "ಅಳಿಯಂದಿರೇ, ಈ ಸ್ಪೀಡಲ್ಲಿ ಹೋದ್ರೆ ಮಗೂಗೆ ನಿಮ್ಮ ಬದಲು ಗಂಡನ ಜೊತೆ ಹತ್ತೋ ವಯಸ್ಸಾಗತ್ತೆ" ಅಂದರು.

ಪಾರ್ಕು ಸೇರಿದಾಗ ಹನ್ನೆರಡೂವರೆ. "ನಡಿ ಪುಟ್ಟಿ, ಮೊದಲು ಮಹಾಸುರುಳಿ!" ಎಂದು ಗುಮಾಸ್ತರು ಗಂಡುಗಲಿಯ ಹಾಗೆ ಮುಂದೆ ನಡೆದರು. ಎರಡು ಗಂಟೆ ಕಾಯುವ ಸುಖ ನೆನೆದು ಸಿಳ್ಳೆ ಬೇರೆ.

ಕ್ಯೂನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಖಾಲಿ ಬಂಡಿ ಅವರನ್ನೇ ಕಾಯುತ್ತಿತ್ತು, ಬಾಯಿ ತೆರೆದ ಮೊಸಳೆಯ ಹಾಗೆ.

"ಜನ ಎಲ್ಲಿ?" ಗುಮಾಸ್ತರು ಸುತ್ತ ಹುಡುಕಿದರು.

"ಹನ್ನೆರಡರಿಂದ ಎರಡು ಭಾರೀ ರಶ್ಶು ಅಂತ ಯಾರೋ ಪುಣ್ಯಾತ್ಮ ಎಲ್ಲರಿಗೂ ಹೇಳ್ಬಿಟ್ಟಿದ್ದಾನೆ ಸಾರ್" ಅಂದ ಬಂಡಿ ನಡೆಸುವವನು. "ಬನ್ನಿ, ಕೂತ್ಕೊಳ್ಳಿ."

ಮೇಲೆ ನೋಡಿದರು. ಸುರುಳಿ ಕಂಡ ಕೂಡಲೇ ಅತ್ತೆಯ ತೋಳು ಹಿಡಿದು ಹಿಂದೆ ಸರಿದರು. "ಅಯ್ಯೋ, ಅತ್ತೆಗೆ ಹಸಿವಾಗಿದೆ!"

"ನಂಗಾ? ಈಗ ತಾನೇ ಎರಡು ಬಾಳೆಹಣ್ಣು..."

"ವಯಸ್ಸಾದವರು ಹಸಿವು ಮುಚ್ಚಿಡ್ತಾರೆ ಪುಟ್ಟಿ. ಮೊದಲು ಊಟ."

ಮಗಳು ತಲೆ ತಗ್ಗಿಸಿದಳು. ಸುಮ್ಮನೆ ಹಿಂದೆ ಬಂದಳು. ಅವಳಿಗೆ ನಿರಾಸೆಯಾಯಿತೇನೋ ಎಂಬ ಯೋಚನೆ ಗುಮಾಸ್ತರ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು.

ಮೂರಕ್ಕೆ ಅವರೇ ಇಬ್ಬರನ್ನೂ ಮೆರವಣಿಗೆಗೆ ಕರೆದೊಯ್ದರು. ಅಲ್ಲಿ ನೋಡುವವರೆಂದರೆ ಈ ಮೂವರೇ. ಬೇರೆ ಯಾರೂ ಸಿಗದೆ, ಕರಡಿ ವೇಷದವನು ಗುಮಾಸ್ತರನ್ನು ನಾಲ್ಕು ಸಲ ಅಪ್ಪಿಕೊಂಡ. ಕೊನೆಯ ಸಲ ಕಿವಿಯಲ್ಲಿ, "ಥ್ಯಾಂಕ್ಸ್ ಸಾರ್, ನೀವಾದ್ರೂ ಬಂದ್ರಲ್ಲ" ಅಂದ. ಉಳಿದ ಇಡೀ ಪಾರ್ಕು, ಗುಟ್ಟು ತಿಳಿದ ಜಾಣರೆಲ್ಲ, ಮಹಾಸುರುಳಿಯ ಮುಂದೆ ಜಮಾಯಿಸಿತ್ತು.

ಮೂರೂವರೆಗೆ ಆ ಕ್ಯೂ ಕಂಡು ಗುಮಾಸ್ತರಿಗೆ ಜೀವ ಬಂತು. ಎಂಥ ಕ್ಯೂ! ಹೆಬ್ಬಾವಿನ ಹಾಗೆ ಮೂರು ಸುತ್ತು ಸುತ್ತಿ, ಶೌಚಾಲಯದ ಬಾಗಿಲಲ್ಲಿ ಬಾಲ ಇಟ್ಟಿತ್ತು. ಖುಷಿಯಿಂದ ಬಾಲಕ್ಕೆ ಸೇರಿಕೊಂಡರು.

ಆದರೆ ಕ್ಯೂ ಅನ್ನುವುದು ಕಚೇರಿಯ ಕಡತವಲ್ಲ, ಚಲಿಸುತ್ತದೆ. ಐದಕ್ಕೆ ಮುಂದೆ ಇಪ್ಪತ್ತೇ ಜನ ಉಳಿದರು. ಬಾಗಿಲು ಮುಚ್ಚುವುದು ಆರಕ್ಕೆ. ಗುಮಾಸ್ತರು ಹಿಂದೆ ತಿರುಗಿ ಕೈ ಮುಗಿದರು.

"ನೀವು ಮುಂದೆ ಹೋಗಿ ಸಾರ್. ಇಲ್ಲ ಇಲ್ಲ, ನೀವೇ ಮೊದಲು. ಕಾಲೇಜು ಮಕ್ಕಳಾ? ಬನ್ನಿ ಬನ್ನಿ, ಓದೋ ಮಕ್ಕಳು. ಬ್ಯಾಂಕಿನವರಾ? ಎಷ್ಟು ಜನ? ನಲವತ್ತೂ ಬನ್ನಿ!"

"ಅಳಿಯಂದಿರೇ, ನೀವು ನಿಂತಿರೋದು ಕ್ಯೂನಲ್ಲೋ, ಸ್ವಾಗತ ಸಮಿತೀಲೋ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

"ಅತ್ತೇ, ಮಗು ನೋಡಿ ಕಲೀಬೇಕಲ್ಲ, ಸಂಸ್ಕಾರ."

"ಸಂಸ್ಕಾರ ಆಯ್ತು, ಮುಂದೆ ಸರಿಯೋದು ಯಾವಾಗ?"

ಆರು ಹೊಡೆಯಿತು. ಅವರ ಮೂಗಿನ ಮುಂದೆಯೇ ಸರಪಳಿ ಬಿತ್ತು. ಗುಮಾಸ್ತರು ಹಣೆ ಚಚ್ಚಿಕೊಂಡರು, ಆದಷ್ಟು ಮೆತ್ತಗೆ. "ಛೆ! ಒಂದೇ ನಿಮಿಷದಲ್ಲಿ ತಪ್ಪಿಹೋಯ್ತಲ್ಲೇ ಪುಟ್ಟಿ! ನನ್ನ ನಸೀಬೇ ಇಷ್ಟು!"

ಅಷ್ಟರಲ್ಲಿ ಟೈ ಕಟ್ಟಿದ ಮ್ಯಾನೇಜರು, ಕ್ಯಾಮೆರಾದವನ ಜೊತೆ ಓಡಿಬಂದರು.

"ಸಾರ್, ನಿಲ್ಲಿ! ನಿಮ್ಮನ್ನ ಒಂದು ಗಂಟೆ ಹೊತ್ತಿಂದ ಸೀಸೀಟೀವೀಲಿ ನೋಡ್ತಿದ್ದೀವಿ. ನೂರಾ ಹದಿನೇಳು ಜನಕ್ಕೆ ದಾರಿ ಬಿಟ್ಟಿದ್ದೀರಿ! ಈ ಪಾರ್ಕಲ್ಲಿ ಕ್ಯೂಗೋಸ್ಕರ ಅಣ್ಣತಮ್ಮಂದಿರೇ ಹೊಡೆದಾಡಿದ್ದಾರೆ ಸಾರ್. ನಿಮ್ಮಂಥವರಿಗೆ ಹತ್ತೋಕೆ ಸಿಗಲಿಲ್ಲ ಅಂದ್ರೆ ನಮಗೆ ನಿದ್ದೆ ಬರುತ್ತಾ? ಇಡೀ ಬಂಡಿ ನಿಮ್ಮದೇ. ಮೂರು ಸುತ್ತು!"

ಸುತ್ತಲೂ ಚಪ್ಪಾಳೆ. ನಲವತ್ತು ಬ್ಯಾಂಕಿನವರು ಗುಮಾಸ್ತರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಸೀಟಿಗೆ ಇಳಿಸಿದರು. ಹೊಟ್ಟೆಯ ಮೇಲೆ ಕಬ್ಬಿಣದ ಸರಳು ಕಟಕ್ಕನೆ ಕೂತಿತು.

"ಪುಟ್ಟಿ, ಬಾಮ್ಮ" ಅಂದರು, ಮುಳುಗುವವನು ಹುಲ್ಲುಕಡ್ಡಿ ಕರೆದ ಹಾಗೆ.

ಮಗಳು ಹತ್ತಲಿಲ್ಲ. ಪಕ್ಕಕ್ಕೆ ಬಂದು, ಬಗ್ಗಿ ಪಿಸುಗುಟ್ಟಿದಳು. "ಅಪ್ಪಾ, ಬೈಬೇಡ. ನಂಗೆ ಮೊದಲಿಂದ್ಲೂ ಇದನ್ನ ಕಂಡ್ರೆ ಭಯ. ನಿಂಗೂ ಭಯ ಇದ್ರೆ ಬೇಡ ಅನ್ನೋಣ ಅಂತಾನೇ ಅವತ್ತು ಕೇಳಿದ್ದು. ನೀನು ಅಷ್ಟು ಆಸೆ ಪಟ್ಟೆಯಲ್ಲ, ಅದಕ್ಕೇ ಸುಮ್ಮನಿದ್ದೆ. ನಾನು ಇಲ್ಲೇ ನಿಂತು ನೋಡ್ತೀನಿ, ಆಯ್ತಾ?"

ಗುಮಾಸ್ತರು ಸರಳನ್ನು ಎರಡೂ ಕೈಯಿಂದ ಎಳೆದರು. ಅಲ್ಲಾಡಲಿಲ್ಲ.

ಖಾಲಿ ಸೀಟಿಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಧುಮುಕಿದರು. "ಅಳಿಯಂದಿರೇ, ಕೈ ಮೇಲೆತ್ತಿ! ಫೋಟೋ ತೆಗೀತಿದ್ದಾರೆ!"

"ಸಾರ್," ಗುಮಾಸ್ತರು ಬಂಡಿ ನಡೆಸುವವನ ತೋಳು ಹಿಡಿದರು, "ಮೂರು ಸುತ್ತಾ? ಒಂದು ಸಾಲಲ್ವಾ?"

"ನೀವು ಬಿಡಿ ಸಾರ್, ಯಾವಾಗ್ಲೂ ಬೇರೆಯವರಿಗೇ ಬಿಟ್ಟುಕೊಡೋದು" ಎಂದು ಅವನು ಕಣ್ಣೊರೆಸಿಕೊಂಡ. "ನನ್ನ ಕಡೆಯಿಂದ ಇನ್ನೊಂದು ಸೇರಿಸ್ತೀನಿ, ನಾಲ್ಕು!"

ಎಂದವನೇ ಗುಂಡಿ ಒತ್ತಿದ.