ಅಮ್ಮನೋ ಅತ್ತೆಯೋ ಎಂದು ಕಂಪನಿ ಕೇಳಿದಾಗ

ಕಾಯಿಲೆ ಬೀಳುವುದು ಅಂಥ ಕಷ್ಟದ ಕೆಲಸವಲ್ಲ. ಯಾರ ಖರ್ಚಿನಲ್ಲಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದೇ ಕಷ್ಟ. ಸರ್ಕಾರದವರು ‘ನೀವು ಬಡವರೇ?’ ಎಂದು ಕೇಳುತ್ತಾರೆ. ಕಂಪನಿಯವರು ‘ನಿಮಗೆ ಯಾರು ಬೇಕು?’ ಎಂದು ಕೇಳುತ್ತಾರೆ. ಮೊದಲನೆಯದಕ್ಕೆ ತಾಲ್ಲೂಕು ಕಚೇರಿಯಲ್ಲಿ ಉತ್ತರ ಬರೆದುಕೊಡುತ್ತಾರೆ. ಎರಡನೆಯದಕ್ಕೆ ನಾವೇ ಕೊಡಬೇಕು, ಅದೂ ಹೆಂಡತಿಯ ಎದುರಿಗೆ. ನಾನು ಬಂಗಾರಪೇಟೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ಓಡಾಡಿ, ಯಂತ್ರಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಬೋಲ್ಟು ಬೇಕೋ ನಟ್ಟು ಬೇಕೋ ಎಂದು ಕೇಳುವವರಿಗೆ ಇಷ್ಟು ವರ್ಷ ಎರಡನ್ನೂ ಕೊಟ್ಟು ಕಳಿಸಿದ್ದೇನೆ. ಹೀಗಾಗಿ ಎರಡರಲ್ಲಿ ಒಂದನ್ನು ಆರಿಸುವ ಅಭ್ಯಾಸ ನನಗಿಲ್ಲ.

ಕಂಪನಿ ನಮಗೆಲ್ಲ ಆರೋಗ್ಯ ವಿಮೆ ಮಾಡಿಸುವುದಾಗಿ ಹೇಳಿತು. ಕಂತು ಅವರದೇ. ನಾನು, ಹೆಂಡತಿ, ಮಗಳು ಸರಿ. ಜೊತೆಗೆ ತಂದೆತಾಯಿ, ಇಲ್ಲವೇ ಅತ್ತೆಮಾವ. ಎರಡೂ ಕಡೆಯವರನ್ನು ಸೇರಿಸುವಂತಿಲ್ಲ. ನನ್ನ ಅಪ್ಪನೂ ಮಾವನೂ ತೀರಿಕೊಂಡಿದ್ದರಿಂದ ಉಳಿದವರು ಅಮ್ಮ ಮತ್ತು ಅತ್ತೆ. ಸಿಬ್ಬಂದಿ ವಿಭಾಗದ ಹುಡುಗಿಯ ಹತ್ತಿರ ಹೋಗಿ ಏನಾದರೂ ದಾರಿ ಇದೆಯೇ ಎಂದು ಕೇಳಿದೆ. “ಇಬ್ರನ್ನೂ ಹಾಕಿದ್ರೆ ಕಂಪ್ಯೂಟರ್ ತಗೊಳಲ್ಲ ಸಾರ್. ಒಬ್ರ ಹೆಸ್ರು ಹೇಳಿ” ಎಂದಳು. “ಕಂಪ್ಯೂಟರಿಗೆ ಅತ್ತೆ ಇಲ್ವೇನಮ್ಮಾ?” ಎಂದೆ. “ಗೊತ್ತಿಲ್ಲ ಸಾರ್, ವಿಚಾರಿಸ್ತೀನಿ” ಎಂದಳು. ಅವಳಿಗೆ ಇನ್ನೂ ಮದುವೆಯಾಗಿಲ್ಲ.

ಮನೆಗೆ ಬಂದು ಹೆಂಡತಿ ಸರಸಳಿಗೆ ಹೇಳಿದೆ. “ನಿಮ್ಮ ಕಂಪನಿ, ನಿಮ್ಮ ತಾಯಿ. ನಾನ್ಯಾಕೆ ಮಧ್ಯೆ ಬರ್ಲಿ?” ಎಂದು ಅವಳು ಚಪಾತಿ ಲಟ್ಟಿಸತೊಡಗಿದಳು. ಆ ಸಂಜೆಯ ಚಪಾತಿಗಳು ಬಹಳ ತೆಳ್ಳಗಿದ್ದವು. ಊಟ ಮಾಡುವಾಗ ನನಗೊಂದು ನ್ಯಾಯವಾದ ಉಪಾಯ ಹೊಳೆಯಿತು. ಇಬ್ಬರನ್ನೂ ನೋಡಿಕೊಂಡು ಬರುವುದು. ಯಾರ ಆರೋಗ್ಯ ಹೆಚ್ಚು ಕೆಟ್ಟಿದೆಯೋ ಅವರ ಹೆಸರು ಹಾಕಿಸುವುದು. ನಾನು ಮನೆ ಬಿಡುವ ಮೊದಲೇ ಮಗಳು ಇಬ್ಬರು ಅಜ್ಜಿಯರಿಗೂ ಫೋನು ಮಾಡಿ ಸಂಗತಿ ಮುಟ್ಟಿಸಿದ್ದು ನನಗೆ ಗೊತ್ತಿರಲಿಲ್ಲ.

ಅಮ್ಮ ಕ್ಯಾಸಂಬಳ್ಳಿಯ ಪಕ್ಕದ ನಮ್ಮ ಹಳ್ಳಿಯಲ್ಲಿ ನನ್ನ ತಮ್ಮನ ಸಂಸಾರದೊಂದಿಗೆ ಇದ್ದಾರೆ. ಮಂಡಿನೋವಿನ ವರದಿಯಿಲ್ಲದೆ ಅವರ ಫೋನು ಮುಗಿದದ್ದಿಲ್ಲ. ನಾನು ಹೋದಾಗ ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. “ಮಂಡಿನೋವು ಹೇಗಿದೆಯಮ್ಮಾ?” ಎಂದೆ. “ಯಾವ ಮಂಡಿ?” ಎಂದರು. ಹೊರೆ ಇಳಿಸಿ, ಬೆವರು ಒರೆಸಿಕೊಂಡು, “ನಂಗೇನ್ ಬಂದೈತೆ? ಬೀಗ್ರಿಗೇ ಆಕ್ಸು. ವಯಸ್ಸಾಗೈತೆ ಪಾಪ” ಎಂದರು. ಅತ್ತೆ ಅವರಿಗಿಂತ ಚಿಕ್ಕವರು. ತಮ್ಮನ ರೇಷನ್ ಕಾರ್ಡಿನಲ್ಲಿ ಅಮ್ಮನ ಹೆಸರಿರುವುದರಿಂದ ಸರ್ಕಾರದ ಆರೋಗ್ಯ ಕಾರ್ಡೂ ಅವರಿಗೆ ಸಿಕ್ಕಿತ್ತು. ಅದನ್ನು ನೆನೆದು ನಾನು, “ಹೇಗೂ ನಿನ್ನನ್ನು ಸರ್ಕಾರ ನೋಡ್ಕೊಳುತ್ತಲ್ಲಮ್ಮ” ಎಂದುಬಿಟ್ಟೆ. ಅಮ್ಮ ಹಸುವಿಗೆ ಹುಲ್ಲು ಹಾಕುತ್ತಲೇ, “ಸರ್ಕಾರವ ನಾನು ಎತ್ತಿಲ್ಲ ಕಣ್ಲಾ, ಎತ್ತಿದ್ದು ನಿನ್ನ” ಎಂದರು. ಹೆತ್ತವರು ಹಾಗೆಂದ ಮೇಲೆ ಹುಲ್ಲಿನ ಬಗ್ಗೆ ಮಾತಾಡುವುದು ಕ್ಷೇಮ. ಮಾತಾಡಿದೆ.

ಅಲ್ಲಿಂದ ಮಾರಿಕುಪ್ಪಂಗೆ ಹೋದೆ. ಅತ್ತೆಯದು ಕನ್ನಡ ತಮಿಳು ಬೆರೆತ ಮಾತು. ಅಳಿಯನಾದ ನನ್ನನ್ನು ‘ಮಾಪ್ಳೆ’ ಎಂದೇ ಕರೆಯುತ್ತಾರೆ. ಮಾವ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ ಮಾಡಿದವರು. “ಆವತ್ತು ಗಣಿ ಆಸ್ಪತ್ರೇಲಿ ನಿಮ್ ಮಾಮನ ಎಸ್ರು ಏಳಿದ್ರೆ ಸಾಕು ಮಾಪ್ಳೆ, ಒಳಗೆ ಬಿಡ್ತಿದ್ರು. ಅಮ್ಮನಾ ಅತ್ತೇನಾ ಅಂತ ಯಾರೂ ಕೇಳ್ತಿರ್ಲಿಲ್ಲ” ಎಂದರು. ಗಣಿ ಮುಚ್ಚಿತು, ಹೆಸರು ಹೇಳಿದರೆ ಸಾಕಾಗುತ್ತಿದ್ದ ಕಾಲವೂ ಮುಚ್ಚಿತು. “ನನಗೆಲ್ಲ ಬೇಡ, ನಿಮ್ ಅಮ್ಮನಿಗೇ ಆಕಿ. ನಾನು ಗಟ್ಟಿ ಇದೀನಿ, ನೋಡಿ” ಎನ್ನುತ್ತ, ನಲ್ಲಿಯ ಕೆಳಗೆ ತುಂಬಿದ್ದ ಕೊಡವನ್ನು ಸೊಂಟಕ್ಕೆ ಎತ್ತಿಕೊಂಡರು. ಎರಡು ಹೆಜ್ಜೆ ಇಟ್ಟವರು ಕೊಡವನ್ನು ಕೆಳಗಿಟ್ಟು, ಬಲಪಕ್ಕೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ಎಷ್ಟು ದಿನದಿಂದ ಹೀಗೆ ಎಂದರೆ, “ಒಂದ್ ವರ್ಷ ಇರ್ಬೇಕು. ಸರಸುಗೆ ಏಳ್ಬೇಡಿ” ಎಂದರು. ಆಗ ನನಗೆ ನಿಜವಾಗಿ ಭಯವಾಯಿತು. ಆಟೋ ಹಿಡಿದು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದೆ. ಪಿತ್ತಕೋಶದ ತುಂಬ ಕಲ್ಲುಗಳಿದ್ದವು. ಆಪರೇಷನ್ ಆಗಲೇಬೇಕು ಎಂದರು.

ಮರುದಿನ ಅತ್ತೆಯ ಹೆಸರು ಕೊಟ್ಟೆ. ಅಮ್ಮನಿಗೆ ಫೋನು ಮಾಡಿದರೆ, “ಒಳ್ಳೇದ್ ಮಾಡ್ದೆ” ಎಂದು ಇಟ್ಟುಬಿಟ್ಟರು. ಆಮೇಲೆ ಹಲವು ದಿನ ನಾನು ಫೋನು ಮಾಡಿದಾಗಲೆಲ್ಲ ಅವರು ಹಾಲು ಕರೆಯುತ್ತಿದ್ದರು. ಮಧ್ಯಾಹ್ನವೂ ಹಾಲು ಕೊಡುವ ಹಸು ಅದೊಂದೇ ಇರಬೇಕು. ಈ ನಡುವೆ ವಿಮೆಯ ಕಾರ್ಡು ಬಂತು, ಅತ್ತೆಯನ್ನು ಕೋಲಾರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಿದ್ಧವಾಗಿ ಕುಳಿತ ಅತ್ತೆ ಹಾಗೆಯೇ ಕುಳಿತಿದ್ದರು. ವಿಮೆಯವರ ಒಪ್ಪಿಗೆ ಬಂದಿರಲಿಲ್ಲ. ಕಲ್ಲು ಯಾವಾಗ ಹುಟ್ಟಿತು ಎಂದು ಅವರು ಕೇಳಿದ್ದರಂತೆ. ನಮ್ಮ ಅತ್ತೆಗೆ ತಮ್ಮ ಹುಟ್ಟಿದ ದಿನವೇ ಗೊತ್ತಿಲ್ಲ.

ಸರಸ ಕಣ್ಣೊರೆಸಿಕೊಳ್ಳುತ್ತ ತಾಯಿಯ ಕಾಲು ಒತ್ತುತ್ತಿದ್ದಳು. ನಾನು ಕೌಂಟರಿಗೂ ವಾರ್ಡಿಗೂ ಓಡಾಡುತ್ತಿದ್ದೆ. ಆಗ ಬಸ್ಸಿಳಿದು ಬಂದ ಅಮ್ಮ ಕಾಣಿಸಿದರು. ನನ್ನನ್ನು ದಾಟಿಕೊಂಡು ನೇರ ಕೌಂಟರಿಗೆ ಹೋಗಿ, “ದುಡ್ಡು ನೀವ್ ಕೊಡೋದೋ ಅವ್ರು ಕೊಡೋದೋ ಆಮ್ಯಾಕೆ ಮಾತಾಡ್ಕಳಿ ಸಾಮಿ. ನಮ್ ಬೀಗ್ರು ಬೆಳಗ್ಗಿಂದ ಗುಟುಕು ನೀರು ಕುಡ್ದಿಲ್ಲ” ಎಂದು ಅಲ್ಲೇ ನೆಲದ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಒಪ್ಪಿಗೆ ಬಂತು. ತಾವು ಕುಳಿತದ್ದರಿಂದಲೇ ಬಂತೆಂದು ಅಮ್ಮ ಇಂದಿಗೂ ನಂಬಿದ್ದಾರೆ. ವಿಮೆಯವರ ರೀತಿ ನೋಡಿದ ಮೇಲೆ ನನಗೂ ಬೇರೆ ಕಾರಣ ತೋಚಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಕಲ್ಲುಗಳನ್ನು ತೋರಿಸಿದಾಗ ಅತ್ತೆ, “ನಿಮ್ ಮಾಮ ಆಯುಸ್ಸೆಲ್ಲಾ ಕಲ್ಲು ಒಡೆದ್ರು. ನಾನು ಒಳಗೇ ಇಟ್ಕೊಂಡಿದ್ದೆ” ಎಂದು ಮೆಲ್ಲಗೆ ನಕ್ಕರು. ಅಮ್ಮ ಪಕ್ಕದಲ್ಲಿ ಕುಳಿತು ಅವರಿಗೆ ಗಂಜಿ ಕುಡಿಸುತ್ತಿದ್ದರು. ಆ ದೃಶ್ಯ ನೋಡಿ ನನಗೆ ತೃಪ್ತಿಯಾಯಿತು, ಹಾಗೆಯೇ ತಲೆಯೂ ತಿರುಗಿತು. ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿ, ಇನ್ನೊಮ್ಮೆ ಸುತ್ತಿ ನೋಡಿ, ಡಾಕ್ಟರನ್ನು ಕರೆದಳು. ಅವರು ರಕ್ತವನ್ನೂ ಪರೀಕ್ಷೆ ಮಾಡಿಸಿದರು. ರಕ್ತದೊತ್ತಡ, ಜೊತೆಗೆ ಸಕ್ಕರೆ ಕಾಯಿಲೆ. ಇನ್ನು ಜೀವನಪೂರ್ತಿ ಮಾತ್ರೆ. ನಾನು ಹೆಮ್ಮೆಯಿಂದ ಕಾರ್ಡು ತೆಗೆದುಕೊಟ್ಟೆ. ಕೌಂಟರಿನವರು ಅದನ್ನು ವಾಪಸು ತಳ್ಳಿ, ಒಳರೋಗಿಯಾಗಿ ದಾಖಲಾದರೆ ಮಾತ್ರ ವಿಮೆ, ಬರೀ ಮಾತ್ರೆಗೆ ಕೈಯಿಂದಲೇ ಕೊಡಬೇಕು ಎಂದರು.

“ನಿನ್ ಕಾರ್ಡ್‌ನಾಗೆ ನಿನ್ ಎಸ್ರಿಲ್ವೇನ್ಲಾ?” ಎಂದು ಅಮ್ಮ ಕೇಳಿದರು.

“ಇದೆಯಮ್ಮ. ಆದ್ರೆ ವಿಮೆಯವ್ರು ದುಡ್ಡು ಕೊಡ್ಬೇಕಾದ್ರೆ ನಾನು ಇಲ್ಲಿ ಮಲಗ್ಬೇಕಂತೆ.”

“ಅಷ್ಟೇ ತಾನೆ? ಮಲೀಕ” ಎಂದ ಅಮ್ಮ, ಅತ್ತೆಗೆ ಇನ್ನೊಂದು ಗುಟುಕು ಗಂಜಿ ಕುಡಿಸಿದರು. ನಾನು ಔಷಧಿ ಅಂಗಡಿಯ ಸಾಲಿನಲ್ಲಿ ಹೋಗಿ ನಿಂತೆ.